ಮಲ್ಲರಾಜಯ್ಯನವರ ಗಂಟಲಿಗೆ ಹೊಸ ಕಿಂಡಿ

ನಮ್ಮೂರಿನಲ್ಲಿ ಯಂತ್ರಗಳ ಹಳೆಯ ತೂತುಗಳು ಮುಚ್ಚಿಕೊಳ್ಳಲು ಶುರುವಾದದ್ದು ಆಷಾಢದಲ್ಲಿ. ಮೊದಲು ಹೋದದ್ದು ಗುಂಡುಪಿನ್ನಿನ ಫೋನುಗಳದ್ದು. ಆಮೇಲೆ ಟಾರ್ಚು, ಗಡ್ಡ ಕೆರೆಯುವ ಮೆಷಿನ್ನು, ರೇಡಿಯೊ. ಶ್ರಾವಣ ಹುಟ್ಟುವ ಹೊತ್ತಿಗೆ ಸಣ್ಣ ಚಪ್ಪಟೆ ಬಾಯಿಯವೂ ಕೂಡಿಕೊಳ್ಳತೊಡಗಿದವು. ಓಲೆ ತೆಗೆದಿಟ್ಟ ಕಿವಿ ಮೆಲ್ಲಗೆ ಬಿಗಿದುಕೊಳ್ಳುತ್ತದಲ್ಲ, ಹಾಗೆ. ಇವತ್ತು ಚಾರ್ಜರ್ ಪಿನ್ನು ಸ್ವಲ್ಪ ಒತ್ತಿದರೆ ಹೋಗುತ್ತಿತ್ತು, ನಾಳೆ ಜೋರಾಗಿ ಒತ್ತಬೇಕಿತ್ತು, ನಾಲ್ಕನೆಯ ದಿನ ಅಲ್ಲಿ ತೂತಿತ್ತು ಎಂಬುದಕ್ಕೆ ಒಂದು ಚುಕ್ಕಿ ಮಾತ್ರ ಉಳಿದಿರುತ್ತಿತ್ತು. ಮುಚ್ಚದೆ ಉಳಿದದ್ದು ಹೊಸ ಫೋನುಗಳಿಗಿರುವ, ಮೇಲೆ ಕೆಳಗೆ ಹೇಗೆ ತಿರುಗಿಸಿ ಹಾಕಿದರೂ ಒಳಗೆ ಹೋಗುವ ಸಿ-ಟೈಪ್ ಕಿಂಡಿ ಒಂದೇ. ಜನ ಮೊದಮೊದಲು ಗಾಬರಿಬಿದ್ದರು, ಆಮೇಲೆ ಒಗ್ಗಿಕೊಂಡರು. ಮಗುವಿಗೆ ಕಿವಿ ಚುಚ್ಚಿಸಿದಾಗ ಮಾಡುವಂತೆ ಹೆಂಗಸರು ರೇಡಿಯೊ ತೂತಿಗೆ ಬೇವಿನ ಕಡ್ಡಿ ಸಿಕ್ಕಿಸಿಟ್ಟರು. ಬಸ್ ಕಂಡಕ್ಟರು ಟಿಕೆಟ್ ಮೆಷಿನ್ನಿಗೆ ಕಡ್ಡಿ ಚುಚ್ಚಿಕೊಂಡೇ ಟಿಕೆಟ್ ಹರಿಯುತ್ತಿದ್ದ. ಕಡ್ಡಿ ಹಾಕಿದರೆ ಎಂಟು ಹತ್ತು ದಿನ ತಡೆಯುತ್ತಿತ್ತು, ಅಷ್ಟೆ.

ಆಮೇಲಿನದೆಲ್ಲ ನನ್ನ ತಲೆಗೆ ಬಂತು. ನನ್ನ ಹೆಸರು ಚೆಲುವಾಂಬೆ, ಊರಿನವರಿಗೆ ಚೆಲುವಕ್ಕ. ಇಪ್ಪತ್ತೆರಡು ವರ್ಷ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ತಂತಿ ಸುತ್ತಿದವಳು. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಬಸ್‌ಸ್ಟ್ಯಾಂಡಿನ ಪಕ್ಕ, ಹಿಟ್ಟಿನ ಗಿರಣಿಗೆ ಅಂಟಿಕೊಂಡಂತೆ ಒಂದು ರಿಪೇರಿ ಅಂಗಡಿ ಇಟ್ಟೆ. ಬೆಸುಗೆ ಹಾಕುವ ಕಬ್ಬಿಣ ಹಿಡಿದರೆ ನನ್ನ ಕೈ ನಡುಗುವುದಿಲ್ಲ ಎಂಬ ಹೆಮ್ಮೆ ನನಗಿತ್ತು. ಆ ಹೆಮ್ಮೆಯ ಕಥೆ ಮುಂದೆ ಬರುತ್ತದೆ.

ದಿನಾ ಬೆಳಗ್ಗೆ ಷಟರ್ ಎತ್ತುವ ಮುಂಚೆಯೇ ಹತ್ತು ಹದಿನೈದು ಜನ ನಿಂತಿರುತ್ತಿದ್ದರು. ಎಲ್ಲರ ಬಾಯಲ್ಲೂ ಒಂದೇ ಮಾತು. "ಒಂದು ತೂತು ತಾನೇ ಅಕ್ಕ, ಕೊರೆದು ಕೊಟ್ಬಿಡಿ." ತೂತು ಕೊರೆಯುವುದಾದರೆ ಬಡಗಿಯ ಹತ್ತಿರ ಹೋಗಿ ಅಂತ ಎಷ್ಟು ಸಲ ಹೇಳಿದ್ದೇನೋ. ಹಳೆಯ ಚಾರ್ಜರು ಪೆದ್ದು. ಚುಚ್ಚಿದರೆ ಸಾಕು, ಕರೆಂಟು ಸುರಿಯುತ್ತಿತ್ತು. ಹೊಸದು ಹಾಗಲ್ಲ. ಆ ಕಡೆ ಇರುವುದು ಏನು, ಅದಕ್ಕೆ ಎಷ್ಟು ಬೇಕು ಅಂತ ಗೊತ್ತಾಗುವವರೆಗೆ ಅದು ಒಂದು ಹನಿಯನ್ನೂ ಬಿಡುವುದಿಲ್ಲ. ಆ ಗುರುತು ಹೇಳಲು ಕಿಂಡಿಯ ಹಿಂದೆ ಎಳ್ಳಿಗಿಂತ ಚಿಕ್ಕ ಎರಡು ರೆಸಿಸ್ಟರ್ ಕೂರಿಸಬೇಕು. ಐದು ವೋಲ್ಟಿನ ಸಾಮಾನಾದರೆ ಅಷ್ಟೇ ಸಾಕು. ಒಂಬತ್ತರದ್ದಾದರೆ ಮಧ್ಯೆ ಇನ್ನೊಂದು ಪುಟ್ಟ ಬೋರ್ಡು ಬೇಕು. ಇದನ್ನೆಲ್ಲ ವಿವರಿಸಿದರೆ ಜನ ತಲೆಯಾಡಿಸಿ, "ಸರಿ ಅಕ್ಕ, ಮಧ್ಯಾಹ್ನಕ್ಕೆ ಬರ್ಲಾ?" ಅನ್ನುತ್ತಿದ್ದರು. ಮಧ್ಯಾಹ್ನಕ್ಕೆ ಆಗುವುದಿಲ್ಲ. ಹೊಸದಾಗಿ ಕೂರಿಸಿದ ಬಾಯಿ ಒಣಗಬೇಕು. ಮೂರು ದಿನ ಕರೆಂಟು ಕೊಡದ ಬರಿ ವೈರು ಚುಚ್ಚಿಟ್ಟೇ ಬಿಡಬೇಕು. ನಡುವೆ ತೆಗೆದರೆ ಅದೂ ಕೂಡಿಕೊಳ್ಳುತ್ತದೆ. ನನ್ನ ಅಂಗಡಿಯ ಗೋಡೆಗೆ ಆಗ ನಲವತ್ತು ಐವತ್ತು ಸಾಮಾನುಗಳು ಬಾಯಲ್ಲಿ ವೈರು ಕಚ್ಚಿಕೊಂಡು ನೇತಾಡುತ್ತಿದ್ದವು. ಒಬ್ಬಾಕೆ ಗಂಡನ ಟಾರ್ಚಿನ ಬಾಯಿಗೆ ಅರಿಶಿನ ಕೊಬ್ಬರಿ ಎಣ್ಣೆ ಹಚ್ಚಿ ಹೋದಳು. ಅದನ್ನು ತೊಳೆಯಲು ನನಗೆ ಅರ್ಧ ಗಂಟೆ ಹಿಡಿಯಿತು.

ಇಂಥ ದಿನಗಳಲ್ಲೇ ಒಂದು ಸೋಮವಾರ ಸಾಲು ಮುರಿದುಕೊಂಡು ಮಲ್ಲರಾಜಯ್ಯ ಮುಂದೆ ಬಂದರು. ಹಿಂದೆ ಅವರ ಹೆಂಡತಿ ತಾಯಮ್ಮ.

ಮಲ್ಲರಾಜಯ್ಯ ಮೂವತ್ತೈದು ವರ್ಷ ಬಾಳೆಮಂಡಿಯಲ್ಲಿ ಹರಾಜು ಕೂಗಿದವರು. ಕಟ್ಟೆಯ ಮೇಲೆ ನಿಂತು ಅವರು ಕೂಗಿದರೆ ಬಸ್‌ಸ್ಟ್ಯಾಂಡಿನಲ್ಲಿ ಮಲಗಿದವರು ಎದ್ದು ಕೂರುತ್ತಿದ್ದರು. ಆರು ವರ್ಷದ ಹಿಂದೆ ಗಂಟಲಲ್ಲಿ ಗಡ್ಡೆ ಬಂತು. ದೊಡ್ಡಾಸ್ಪತ್ರೆಯವರು ಜೀವ ಉಳಿಸಿದರು, ಧ್ವನಿಪೆಟ್ಟಿಗೆ ಉಳಿಸಲಾಗಲಿಲ್ಲ. ಆಮೇಲೆ ಅವರಿಗೆ ಒಂದು ಯಂತ್ರ ಕೊಟ್ಟರು, ಗೇಣುದ್ದದ ಟಾರ್ಚಿನ ಹಾಗಿರುವಂಥದ್ದು. ಅದರ ತಲೆಯನ್ನು ಗಂಟಲಿಗೆ ಒತ್ತಿ ಗುಂಡಿ ಅದುಮಿದರೆ ಗುಂಯ್ ಎನ್ನುತ್ತದೆ. ಅದನ್ನು ಒತ್ತಿಕೊಂಡು ತುಟಿ ಆಡಿಸಿದರೆ ಆ ಸದ್ದೇ ಮಾತಾಗುತ್ತದೆ. ಏರಿಲ್ಲ, ಇಳಿತವಿಲ್ಲ, ಡಬ್ಬಿಯೊಳಗೆ ಸಿಕ್ಕಿಕೊಂಡ ದುಂಬಿ ಮಾತು ಕಲಿತಂತೆ ಕೇಳುತ್ತದೆ. ಅದರಲ್ಲೇ ಅವರು ಊರಿನ ಎಲ್ಲರಿಗೂ ಬುದ್ಧಿ ಹೇಳುತ್ತಿದ್ದರು.

"ನಂದು ಮೊದ್ಲು ಮಾಡು," ಅಂದರು ಯಂತ್ರದಲ್ಲಿ.

ತಿರುಗಿಸಿ ನೋಡಿದೆ. ಬುಡದಲ್ಲಿ ಸೂಜಿಗಿಂತ ಚೂರು ದಪ್ಪದ ಗುಂಡು ತೂತು. ಅದಕ್ಕೆ ಬೇವಿನ ಕಡ್ಡಿ ಹಿಡಿಸದೆ ಪೊರಕೆಕಡ್ಡಿ ಸಿಕ್ಕಿಸಿದ್ದರು. ಅದೂ ಅರ್ಧ ಹೊರಗೆ ಬಂದಿತ್ತು.

"ಚಾರ್ಜು ಎಷ್ಟು ದಿನದ್ದಿದೆ ಮಲ್ಲರಾಜಣ್ಣ?"

"ಇವತ್ತಿಗಾಯ್ತು. ನಾಳೆ ಬೆಳಗ್ಗೆ ಕೊಡು."

"ಆಗಲ್ಲ. ಮೂರು ದಿನ ಆಗುತ್ತೆ."

"ಎರಡು."

"ಇದು ಬಾಳೆಗೊನೆ ಅಲ್ಲ ಅಣ್ಣ. ಮೂರು ಅಂದ್ರೆ ಮೂರು."

"ಎರಡೂವರೆ. ಕಬ್ಬಿಣ ಜಾಸ್ತಿ ಕಾಯಿಸ್ಬೇಡ. ಗಾಳಿ ಹಾಕ್ಕೊಂಡು ಮಾಡು. ಹೋದ ವಾರ ಕಂಡಕ್ಟರ್ ಮೆಷಿನ್ನು ಸುಟ್ಟೆಯಂತಲ್ಲ."

ನಾನು ಕಂಡಕ್ಟರ್ ಮೆಷಿನ್ನು ಸುಟ್ಟಿರಲಿಲ್ಲ. ಅದು ಬರುವಾಗಲೇ ಮಳೆನೀರು ಕುಡಿದು ಸತ್ತಿತ್ತು. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಹಿಂದೆ ನಿಂತವರ ಕಡೆ ತಿರುಗಿ, ಯಾರ ಸಾಮಾನು ಯಾವ ಕ್ರಮದಲ್ಲಿ ಮಾಡಿದರೆ ನನಗೆ ಹೊತ್ತು ಉಳಿಯುತ್ತದೆ ಎಂದು ವಿವರಿಸತೊಡಗಿದ್ದರು. ತಾಯಮ್ಮ ಏನೋ ಹೇಳಲು ಹೋದರು. "ನೀನು ಸುಮ್ನಿರು," ಅಂತು ದುಂಬಿ. ಆಕೆ ಸುಮ್ಮನಾದರು. ಆಕೆ ಸೆರಗು ಸರಿಮಾಡಿಕೊಂಡ ರೀತಿ ನೋಡಿದರೆ ಅದು ಆರು ವರ್ಷದಲ್ಲಿ ಕಲಿತದ್ದಲ್ಲ, ಬಹಳ ಹಳೆಯ ಅಭ್ಯಾಸ ಅನ್ನಿಸಿತು.

ಹಾಗೂ ಹೀಗೂ ಯಂತ್ರ ಇಟ್ಟುಕೊಂಡು ಕಳಿಸಿದೆ. ಹೋಗುವ ಮುಂಚೆ ಅವರು ಕೊನೆಯ ಚಾರ್ಜಿನಲ್ಲಿ ಆಡಿದ ಮಾತು, "ಹುಷಾರು. ಇದನ್ನ ಮಾಡೋ ಕಂಪ್ನಿ ಮುಚ್ಚೋಯ್ತು. ಇನ್ನೊಂದು ಸಿಗಲ್ಲ."

ಅದನ್ನು ಹೇಳದೇ ಇದ್ದಿದ್ದರೆ ನನ್ನ ಕೈ ನೆಟ್ಟಗಿರುತ್ತಿತ್ತೋ ಏನೋ. ಅಂಟು ಹಾಕಿ ಮುಚ್ಚಿದ ಮೈಯನ್ನು ಬ್ಲೇಡಿನಲ್ಲಿ ಸೀಳಿ ತೆಗೆದೆ. ಒಳಗೆ ಹಳೇ ಕಾಲದ ಬೋರ್ಡು, ಬಿಸ್ಕತ್ತಿನಷ್ಟು ಪೆಳಸು. ಹಳೆಯ ತೂತಿನ ಲೋಹವನ್ನು ಕಿತ್ತು, ಮೈಗೆ ಹೊಸ ಕಿಂಡಿಯ ಅಳತೆಗೆ ಅರ ಹಾಕಿ, ಕಿಂಡಿಯನ್ನು ಬೋರ್ಡಿಗೆ ಬೆಸೆಯುತ್ತಿದ್ದೆ. ಆಗ ಮುಂದೆ ನಿಂತ ಹಾಲಿನ ಡೈರಿಯ ಹೆಂಗಸು, "ಅಕ್ಕ, ನಮ್ಮದು ಒಂದು ತೂತು ತಾನೇ," ಅಂತ ಮೇಜು ತಟ್ಟಿದಳು. ಕಬ್ಬಿಣ ಒಂದು ಉಸಿರಿನಷ್ಟು ಹೆಚ್ಚು ಹೊತ್ತು ನಿಂತಿತು. ಬೋರ್ಡಿನ ಮೇಲೆ ಕೂದಲಿನಂತಿದ್ದ ತಾಮ್ರದ ಗೆರೆ ಸುಕ್ಕಾಗಿ ಎದ್ದು, ಕಬ್ಬಿಣದ ತುದಿಗೆ ಅಂಟಿಕೊಂಡು ಬಂದುಬಿಟ್ಟಿತು. ಗುಂಡಿ ಅದುಮಿದೆ. ಸದ್ದಿಲ್ಲ. ಬೇರೆ ಬ್ಯಾಟರಿಯಿಂದ ತಂತಿ ಎಳೆದು ಅದುಮಿದೆ. ಆಗಲೂ ಸದ್ದಿಲ್ಲ.

ನಾನು ಡೈರಿಯವಳನ್ನು ಬೈದೆ. ಅವಳು ನನ್ನನ್ನು ಬೈದಳು. ಆಮೇಲೆ ಕಿಂಡಿಗೆ ವೈರು ಚುಚ್ಚಿ, ಸತ್ತ ಯಂತ್ರವನ್ನು ಬೇರೆಯವುಗಳ ಜೊತೆ ಗೋಡೆಗೆ ನೇತುಹಾಕಿದೆ. ಹೊರಗಿನ ಬಾಯಿ ಒಣಗಲಿ, ಒಳಗಿನದನ್ನು ಆಮೇಲೆ ನೋಡೋಣ ಎಂದು. ನಿಜ ಹೇಳಬೇಕೆಂದರೆ ನೋಡುವ ಧೈರ್ಯ ಇರಲಿಲ್ಲ.

ಮಾರನೆಯ ದಿನದಿಂದ ಮಲ್ಲರಾಜಯ್ಯ ಚೀಟಿ ಹಿಡಿದು ಬರತೊಡಗಿದರು. ಬೆಳಗ್ಗೆ ಒಂದು: "ಆಯಿತೆ?" ಮಧ್ಯಾಹ್ನ ಒಂದು: "ಏಕಿಲ್ಲ?" ಸಂಜೆ ಒಂದು, ಕೆಳಗೆ ಮೂರು ಗೀಟು ಎಳೆದು: "ಕಬ್ಬಿಣ ಜಾಸ್ತಿ ಕಾಯಿಸಿದೆಯಾ?" ಮಾತಿಗಿಂತ ಚೀಟಿ ಕೆಟ್ಟದ್ದು. ಮಾತಾದರೆ ಗಿರಣಿಯ ಸದ್ದಿನಲ್ಲಿ ಕೇಳಿಸಲಿಲ್ಲ ಅನ್ನಬಹುದು. ಚೀಟಿಯನ್ನು ಮೇಜಿನ ಮೇಲಿಟ್ಟು, ನಾನು ಓದುವವರೆಗೂ ಬೆರಳಲ್ಲಿ ತಟ್ಟುತ್ತಿದ್ದರು. ನಾನು ಪ್ರತಿ ಸಲವೂ, "ಬಾಯಿ ಒಣಗ್ತಾ ಇದೆ ಅಣ್ಣ," ಅಂದೆ. ಗುರುವಾರವೂ ಹಾಗೇ ಅಂದಾಗ ಅವರು ಗೋಡೆಯತ್ತ ನೋಡಿ, ನನ್ನತ್ತ ನೋಡಿ, ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಹೊರಟುಹೋದರು. ಜಗಳವಾಡಿದ್ದರೆ ಒಳ್ಳೆಯದಿತ್ತು.

ಶುಕ್ರವಾರ ಮಧ್ಯಾಹ್ನ ತಾಯಮ್ಮ ಒಬ್ಬರೇ ಬಂದರು. ಊಟದ ಹೊತ್ತು, ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

"ಚೆಲುವಮ್ಮ, ಅದು ಆಗೋಗಿದ್ರೂ ಇನ್ನೆರಡು ದಿನ ಕೊಡ್ಬೇಡ ಕಣವ್ವ," ಅಂದರು.

ನನಗೆ ಅರ್ಥವಾಗಲಿಲ್ಲ. ಆಕೆ ಬೆಂಚಿನ ಮೇಲೆ ಕೂತರು.

"ನಂಗೆ ಓದೋಕೆ ಬರಲ್ಲ. ಅವ್ರು ದಿನಾ ಬರ್ದು ಬರ್ದು ನನ್ ಮುಂದೆ ಹಿಡೀತಾರೆ, ನಾನು ಇಸ್ಕೊಂಡು ಅಕ್ಕಿಡಬ್ಬಕ್ಕೆ ಹಾಕ್ತೀನಿ. ಅವ್ರು ಸುಮ್ಮನಿದ್ರೆ ನಂಗೆ ಮಾತು ಬರ್ತದೆ. ಮಂಗಳವಾರ ಸಾರಿಗೆ ಒಗ್ಗರಣೆ ಹಾಕ್ತಾ ಹಾಕ್ತಾ ಶುರುಮಾಡ್ದೆ. ನಮ್ಮ ಮಾದಪ್ಪನ ವಿಷ್ಯ."

ಮಾದಪ್ಪ ಆಕೆಯ ತಮ್ಮ, ಹೊಳೆಯಾಚೆಯ ಊರಿನಲ್ಲಿ ಬಾಳೆ ಬೆಳೆಯುವವನು. ಇಪ್ಪತ್ತಾರು ವರ್ಷದ ಹಿಂದೆ ಅವನು ಗಾಡಿ ತುಂಬ ಗೊನೆ ತಂದು ಭಾವನ ಮಂಡಿಯಲ್ಲಿ ಇಳಿಸಿದ್ದ. ಭಾವಮೈದ ಅಂತ ಮುಲಾಜು ತೋರಿಸುತ್ತಾರೆ ಎಂದು ಅದಕ್ಕೂ ಮೊದಲು ಯಾರೋ ಆಡಿಕೊಂಡಿದ್ದರಂತೆ. ಮಲ್ಲರಾಜಯ್ಯ ಕಟ್ಟೆಯ ಮೇಲೆ ನಿಂತು, ಇಡೀ ಮಂಡಿಗೆ ಕೇಳುವ ಹಾಗೆ, "ಇದು ಕೊಳೆತ ಮಾಲು, ಕೂಗಲ್ಲ," ಅಂದುಬಿಟ್ಟರು. ಮಾದಪ್ಪ ಗೊನೆಗಳನ್ನು ಅಲ್ಲೇ ಬಿಟ್ಟು ಖಾಲಿ ಗಾಡಿ ಹೊಡೆದುಕೊಂಡು ಹೋದ. ಮತ್ತೆ ಅಕ್ಕನ ಮನೆಯ ಹೊಸಿಲು ತುಳಿಯಲಿಲ್ಲ. ತಾಯಿ ಸತ್ತಾಗ ಅಕ್ಕ ತಮ್ಮ ಎರಡು ಮೂಲೆಯಲ್ಲಿ ಕೂತು ಅತ್ತರು.

"ಆ ವಿಷ್ಯ ಎತ್ತಿದ್ರೆ ಸಾಕು, ಆ ಗಂಟಲಲ್ಲಿ ಒಂದ್ಸಲ ಗದರಿಸೋರು. ಗಂಟಲು ಹೋದ್ಮೇಲೆ ಮೆಷಿನ್ನಲ್ಲಿ ಗದರಿಸಿದ್ರು. ನಂಗೆ ಮೊದ್ಲನೇ ಮಾತು ದಾಟೋಕೆ ಯಾವತ್ತೂ ಆಗಿಲ್ಲ. ಈಗ ನಾಕು ದಿನದಿಂದ ಹೇಳ್ತಿದೀನಿ. ಕೇಳ್ತಾರೆ. ಕೈ ಅಡ್ಡ ಹಿಡೀತಾರೆ, ನಾನು ನೋಡಲ್ಲ. ಅಮ್ಮ ಸತ್ತ ದಿನದವರ್ಗೂ ಬಂದಿದೀನಿ. ಇನ್ನು ಸ್ವಲ್ಪ ಇದೆ."

ನನಗೆ ರೇಗಿಹೋಯಿತು. ಬೆಳಗ್ಗೆಯಿಂದ ಹದಿನೆಂಟು ಜನರ ಹತ್ತಿರ ಬೈಸಿಕೊಂಡಿದ್ದೆ. "ತಾಯಕ್ಕ, ನಾನು ರಿಪೇರಿ ಮಾಡೋಳು, ಗಂಡ ಹೆಂಡ್ತಿ ನ್ಯಾಯ ಬಗೆಹರಿಸೋಳಲ್ಲ. ನೀವು ಬೇಡ ಅಂದ್ರೂ ಬೇಕು ಅಂದ್ರೂ ಒಂದೇ. ಅದು ಸತ್ತೋಗಿದೆ. ನಾನೇ ಸಾಯಿಸಿದೀನಿ. ಸೋಮವಾರಾನೇ."

ಆಕೆ ಸಮಾಧಾನಪಡುತ್ತಾರೆ ಅಂದುಕೊಂಡಿದ್ದೆ. ಆಕೆಯ ಮುಖ ಬಿಳಿಚಿಕೊಂಡಿತು.

"ಸತ್ತೋಯ್ತು ಅಂದ್ರೆ?"

"ಒಳಗಿನ ಗೆರೆ ಕಿತ್ತು ಬಂತು. ಸದ್ದೇ ಇಲ್ಲ."

"ಎರಡು ದಿನ ಬೇಡ ಅಂದೆ ಕಣವ್ವ. ಯಾವತ್ತೂ ಬೇಡ ಅಂತ ಎಲ್ಲಂದೆ?" ಆಕೆ ಎದ್ದು ನಿಂತರು, ಮತ್ತೆ ಕೂತರು. "ನಾನು ಹೇಳಿ ಮುಗ್ಸಿದ್ಮೇಲೆ ಅವ್ರು ಏನಾದ್ರೂ ಅನ್ಬೇಕಲ್ಲ. ಬರ್ದು ಕೊಟ್ರೆ ನಂಗೇನು ಗೊತ್ತಾಗ್ತದೆ? ಇನ್ನೊಬ್ರ ಕೈಲಿ ಓದಿಸ್ಲಾ, ಇಂಥ ಮಾತ್ನ? ಬೈಲಿ ಬೇಕಾದ್ರೆ. ಅವ್ರ ಬಾಯಿಂದ್ಲೇ ಬರ್ಬೇಕು."

ಆಕೆ ಅಳಲಿಲ್ಲ. ಅತ್ತಿದ್ದರೆ ನಾನು ಇನ್ನಷ್ಟು ರೇಗುತ್ತಿದ್ದೆ. ಸುಮ್ಮನೆ ಗೋಡೆಯ ಮೇಲಿನ ಯಂತ್ರವನ್ನೇ ನೋಡುತ್ತ ಕೂತರು. ನಾನು ತಟ್ಟೆಯಲ್ಲಿ ಅರ್ಧ ಉಳಿದಿದ್ದ ಅನ್ನ ಮುಚ್ಚಿಟ್ಟು ಕೈ ತೊಳೆದೆ. ಷಟರನ್ನು ಮುಕ್ಕಾಲು ಇಳಿಸಿದೆ. ಹೊರಗೆ ಯಾರೋ ಕೂಗಿದರು. "ಅಂಗಡಿ ಇಲ್ಲ," ಅಂದೆ.

ಬಾಯಿ ಚೆನ್ನಾಗಿ ಒಣಗಿತ್ತು. ಅದೊಂದು ಪುಣ್ಯ. ಮೈ ಬಿಚ್ಚಿ ಬೋರ್ಡನ್ನು ಭೂತಗನ್ನಡಿಯ ಕೆಳಗೆ ಹಿಡಿದೆ. ಕಿತ್ತುಹೋದ ಗೆರೆ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನು ಅದು ಬಿಟ್ಟುಹೋದ ಮಾಸಲು ಗುರುತಿನಿಂದ ಹಿಡಿಯಬೇಕಿತ್ತು. ಹಳೆಯ ಇಯರ್‌ಫೋನೊಂದನ್ನು ಸೀಳಿ ಅದರೊಳಗಿನ ತಂತಿಯ ಒಂದೇ ಎಳೆ ತೆಗೆದೆ, ತಲೆಗೂದಲಿಗಿಂತ ತೆಳ್ಳಗಿನದು. ಅದನ್ನು ಒಂದು ತುದಿಯಲ್ಲಿ ಕೂರಿಸಿದರೆ ಇನ್ನೊಂದು ತುದಿಯಲ್ಲಿ ಏಳುತ್ತಿತ್ತು. ಮೂರು ಸಲ ಹಾಗಾಯಿತು. ನನ್ನ ಕೈ ನಡುಗುತ್ತಿತ್ತು. ಕಬ್ಬಿಣ ಹಿಡಿದಂದಿನಿಂದ ಮೊದಲ ಸಲ. ತಾಯಮ್ಮ ಎದ್ದು ಬಂದು, ಕೇಳದೆಯೇ, ನನ್ನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಮೇಜಿಗೆ ಒತ್ತಿ ಹಿಡಿದರು. ರೊಟ್ಟಿ ತಟ್ಟಿದ ಕೈ, ಗಟ್ಟಿಯಾಗಿತ್ತು. ನಾಲ್ಕನೆಯ ಸಲ ಎಳೆ ಕೂತಿತು.

ಗುಂಡಿ ಅದುಮಿದೆ. ಗುಂಯ್ ಅಂತು.

ಇಬ್ಬರೂ ಸ್ವಲ್ಪ ಹೊತ್ತು ಅದನ್ನೇ ಕೇಳಿದೆವು. ಪರೀಕ್ಷೆ ಮಾಡಲೆಂದು ನಾನು ಅದನ್ನು ನನ್ನ ಗಂಟಲಿಗೆ ಒತ್ತಿ, ಉಸಿರು ಬಿಡದೆ ತುಟಿ ಆಡಿಸಿದೆ. "ಒಂದು ತೂತು ತಾನೇ," ಅಂತು ಯಂತ್ರ. ತಾಯಮ್ಮ ನಕ್ಕರು. ಆಕೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಭಾನುವಾರ ಬರ್ತೀವಿ," ಅಂದರು.

"ಭಾನುವಾರ ಅಂಗಡಿ ರಜ."

"ಭಾನುವಾರಾನೇ ಬರ್ತೀವಿ."

ಬಂದರು. ರಜದ ದಿನ ನನ್ನನ್ನು ಮನೆಯಿಂದ ಎಬ್ಬಿಸಿ ಕರೆತಂದು ಷಟರ್ ತೆಗೆಸಿದರು. ಮಲ್ಲರಾಜಯ್ಯ ಒಗೆದ ಪಂಚೆ ಉಟ್ಟಿದ್ದರು, ಮುಖ ಇಳಿದಿತ್ತು. ಚೀಟಿ ಇರಲಿಲ್ಲ. ನಾನು ಯಂತ್ರವನ್ನು ಕೈಗಿಟ್ಟು, ಹೇಳಬೇಕಾದ್ದನ್ನು ಒಂದೇ ಉಸಿರಿಗೆ ಹೇಳಿದೆ. ಗೆರೆ ಕಿತ್ತದ್ದು, ಸುಳ್ಳು ಹೇಳಿದ್ದು, ಈಗ ಒಳಗೆ ಒಂದು ಎಳೆಯ ಮೇಲೆ ನಿಂತಿರುವುದು. ಬೀಳಿಸಬಾರದು, ಎಳೆ ಕೂರಲೆಂದು ನಾನಿನ್ನೂ ಚಾರ್ಜಿಗೆ ಹಾಕಿಲ್ಲ, ಮೊದಲು ಪೂರ್ತಿ ಎರಡು ಗಂಟೆ ಚಾರ್ಜು ಮಾಡಬೇಕು, ಮುಖ್ಯವಾಗಿ ಚಾರ್ಜಿಗೆ ಹಾಕಿಕೊಂಡು ಮಾತಾಡಲೇಬಾರದು. ಬೈಗುಳಕ್ಕೆ ಕಾದು ನಿಂತೆ.

ಅವರು ಯಂತ್ರವನ್ನು ಗಂಟಲಿಗೆ ಒತ್ತಿಕೊಂಡರು. ನನ್ನ ಕಡೆ ನೋಡಲಿಲ್ಲ. ಹೆಂಡತಿಯ ಕಡೆಯೂ ನೋಡಲಿಲ್ಲ. ಗೋಡೆಯಲ್ಲಿ ನೇತಾಡುತ್ತಿದ್ದ ಟಾರ್ಚುಗಳ ಕಡೆ ನೋಡುತ್ತಿದ್ದರು.

"ಆ ಗೊನೆ ಕೊಳೆತಿರ್ಲಿಲ್ಲ," ಅಂದರು.

ಆ ಯಂತ್ರಕ್ಕೆ ದುಃಖ ಗೊತ್ತಿಲ್ಲ, ನಾಚಿಕೆಯೂ ಗೊತ್ತಿಲ್ಲ. ಸಾಲು ಸರಿಯಾಗಿ ನಿಲ್ಲಿ ಅನ್ನುವಾಗ ಹೇಗಿತ್ತೋ ಹಾಗೇ ಇತ್ತು ಸದ್ದು. ತಾಯಮ್ಮ ಬೆಂಚಿನ ತುದಿ ಹಿಡಿದುಕೊಂಡರು. "ನಂಗೆ ಗೊತ್ತಿತ್ತು," ಅಂದರು. "ನಂಗೆ ಹೇಳಿದ್ದು ಸಾಕು. ಇದನ್ನ ಅವನಿಗೆ ಹೇಳಿ. ಹತ್ತೂವರೆ ಬಸ್ಸಿದೆ."

"ಚಾರ್ಜು ಮಾಡ್ಕೊಂಡು ಹೋಗಿ," ಅಂದೆ. ಹತ್ತೂವರೆ ಬಸ್ಸು ತಪ್ಪಿದರೆ ಮುಂದಿನದು ಮೂರಕ್ಕೆ, ಅಷ್ಟರಲ್ಲಿ ಇವರ ಮನಸ್ಸು ಬದಲಾಗುತ್ತದೆ, ಅಂದರು ತಾಯಮ್ಮ. ಗಂಡನ ತೋಳು ಹಿಡಿದು ಎಳೆದುಕೊಂಡು ಹೊರಟೇಬಿಟ್ಟರು. ಚಾರ್ಜರನ್ನೂ ಒಯ್ಯಲಿಲ್ಲ. ನಾನು ಅದನ್ನು ಕೈಯಲ್ಲಿ ಹಿಡಿದು ಬಸ್‌ಸ್ಟ್ಯಾಂಡಿನ ತನಕ ಓಡಿದೆ, ಈ ವಯಸ್ಸಿನಲ್ಲಿ. ಬಸ್ಸು ಹೊರಟುಹೋಗಿತ್ತು.

ಮುಂದಿನದನ್ನು ನನಗೆ ಹೇಳಿದ್ದು ತಾಯಮ್ಮ, ಬುಧವಾರ ಬಂದು, ಸಾಲಿನಲ್ಲಿ ಇಪ್ಪತ್ತು ಜನ ಕಾಯುತ್ತಿದ್ದಾಗ, ಒಂದು ಚೂರೂ ಅವಸರವಿಲ್ಲದೆ.

ಮಾದಪ್ಪ ಜಗಲಿಯಲ್ಲಿ ಕೂತಿದ್ದನಂತೆ. ಇವರನ್ನು ನೋಡಿ ಏಳಲಿಲ್ಲ, ಬನ್ನಿ ಅನ್ನಲಿಲ್ಲ. ಮಲ್ಲರಾಜಯ್ಯ ಅಂಗಳದ ನಡುವೆ ನಿಂತು, ಎದೆ ಮುಂದೆ ಮಾಡಿ, ಮಂಡಿಯ ಕಟ್ಟೆಯ ಮೇಲೆ ನಿಲ್ಲುತ್ತಿದ್ದ ಹಾಗೇ ನಿಂತು ಯಂತ್ರ ಒತ್ತಿಕೊಂಡರು. "ಮಾದಪ್ಪ, ಆವತ್ತು ನಿನ್ನ ಮಾಲು," ಅಂದರು. ಅಲ್ಲಿಗೆ ಚಾರ್ಜು ಮುಗಿಯಿತು.

ತುಟಿ ಆಡುತ್ತಿತ್ತು, ಸದ್ದಿಲ್ಲ. ಅವರು ಗುಂಡಿಯನ್ನು ಅದುಮಿ ಅದುಮಿ ನೋಡಿದರು. ತಮ್ಮನ ಮುಖ ಕೆಂಪಾಯಿತು; ಇಪ್ಪತ್ತಾರು ವರ್ಷದ ಮೇಲೆ ಬಂದು ಮತ್ತೆ ಅದನ್ನೇ ಅನ್ನುತ್ತಾನೆ ಅಂದುಕೊಂಡನೋ ಏನೋ. ತಾಯಮ್ಮ ಬಾಯಿ ತೆರೆದರಂತೆ. ತಾನೇ ಹೇಳಿಬಿಡಬಹುದಿತ್ತು, ಒಂದೇ ಮಾತು. ಹೇಳಲಿಲ್ಲ.

"ಯಾಕೆ ಹೇಳ್ಲಿಲ್ಲ?" ಅಂದೆ ನಾನು, ಕಬ್ಬಿಣ ಕೆಳಗಿಟ್ಟು.

"ಅದು ನನ್ ಮಾತಲ್ಲ ಕಣವ್ವ."

ಮಾದಪ್ಪ ತುಂಬ ಹೊತ್ತು ಆ ತುಟಿಗಳನ್ನೇ ನೋಡಿದ. ಆಮೇಲೆ ಎದ್ದು ಒಳಗೆ ಹೋದ. ಬಾಗಿಲು ಹಾಕಿಕೊಳ್ಳುತ್ತಾನೆ ಅಂದುಕೊಂಡರು ಇಬ್ಬರೂ. ಅವನು ತನ್ನ ಫೋನಿಗೆ ಹಾಕಿದ್ದ ವೈರನ್ನು ಕಿತ್ತು ತಂದು, ನಡುಮನೆಯ ಗೋಡೆಯಲ್ಲಿದ್ದ ಪ್ಲಗ್ಗಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಮುಂದೆ ಹಿಡಿದ. ಅದು ಮಲ್ಲರಾಜಯ್ಯನವರ ಯಂತ್ರದ ಹೊಸ ಬಾಯಿಗೆ ಟಕ್ ಅಂತ ಕೂತಿತು.

ಆ ಮನೆಯ ಪ್ಲಗ್ಗು ನೆಲದಿಂದ ಒಂದು ಮೊಳ ಎತ್ತರದಲ್ಲಿತ್ತಂತೆ, ವೈರೂ ಗಿಡ್ಡ. ನಿಂತರೆ ಗಂಟಲಿಗೆ ಎಟಕುತ್ತಿರಲಿಲ್ಲ. ಕಾಲು ಗಂಟೆ ಕಾದರೆ ಸಾಕಿತ್ತು, ಚಾರ್ಜಿಗೆ ಹಾಕಿಕೊಂಡು ಮಾತಾಡಬೇಡಿ ಅಂತ ನಾನು ಅಷ್ಟು ಬಿಡಿಸಿ ಹೇಳಿದ್ದೆ. ನನ್ನ ಮಾತು ಈ ಊರಲ್ಲಿ ಯಾರು ಕೇಳುತ್ತಾರೆ. ಮೂವತ್ತೈದು ವರ್ಷ ಕಟ್ಟೆಯ ಮೇಲೆ ನಿಂತು ಕೂಗಿದ ಮನುಷ್ಯ ಮೆಲ್ಲಗೆ ಪಂಚೆ ಎತ್ತಿಕೊಂಡು, ಗೋಡೆಯ ಬುಡದಲ್ಲಿ, ಬರಿನೆಲದ ಮೇಲೆ ಕೂತರು. ವೈರು ಬಿಗಿಯಾಗದ ಹಾಗೆ ಕತ್ತು ಬಗ್ಗಿಸಿದರು. ಆಮೇಲೆ ಹೇಳಿದರು, ಪೂರ್ತಿ.

"ಮಾದಪ್ಪ ಏನಂದ?"

"ಇವ್ರು ಕೆಳಗೆ ಕೂತಿದ್ರಲ್ಲ, ತಾನು ಮೇಲೆ ನಿಂತ್ಕೊಂಡು ಹ್ಯಾಗೆ ಕೇಳೋದು ಅಂತ, ಅವನೂ ಬಂದು ಪಕ್ಕದಲ್ಲಿ ನೆಲದ ಮೇಲೆ ಕೂತ್ಕೊಂಡ."